ಶರತ್ಕಾಲಕ್ಕೆ ಪರಿಮಳದ ಬಿಲ್ಲೆಗಳು

ಪ್ರತಿಯೊಂದು ಮನೆಗೂ ತನ್ನದೇ ಆದ ಒಂದು ವಾಸನೆಯಿರುತ್ತದೆ. ಒಳಗಿರುವವರಿಗೆ ಅದು ತಿಳಿಯದು. ಹೊರಗಿನಿಂದ ಬಂದವರಿಗೆ ಹೊಸಿಲು ದಾಟಿದ ಕೂಡಲೆ ತಿಳಿಯುತ್ತದೆ. ಊರಿನ ಮನೆಗಳಲ್ಲಿ ಇದಕ್ಕಾಗಿ ಯಾರೂ ಶ್ರಮಪಡಬೇಕಾಗಿರಲಿಲ್ಲ. ಹಿತ್ತಿಲ ಮಲ್ಲಿಗೆ, ಬಚ್ಚಲೊಲೆಯ ಸೌದೆ, ಅಟ್ಟದ ಮೇಲಿನ ಬೆಲ್ಲ, ದೇವರ ಮನೆಯ ಸಾಣೆಕಲ್ಲಿನ ಮೇಲೆ ತೇಯ್ದ ಗಂಧ—ಇವೆಲ್ಲ ಸೇರಿ ಮನೆಯ ವಾಸನೆಯನ್ನು ತಾವಾಗಿಯೇ ಕಟ್ಟಿಕೊಡುತ್ತಿದ್ದವು. ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮ ಪಾಲಿಗೆ ಹಿತ್ತಿಲೂ ಇಲ್ಲ, ಅಟ್ಟವೂ ಇಲ್ಲ. ನಾಲ್ಕನೆಯ ಮಹಡಿಯ ಎರಡು ಕೋಣೆಗಳಲ್ಲಿ ಸಿಗುವುದು ಪಕ್ಕದ ಮನೆಯ ಒಗ್ಗರಣೆ. ಮಳೆಗಾಲದಲ್ಲಾದರೆ ಒಣಗದ ಬಟ್ಟೆಯ ಮುಗ್ಗಲು.

ಆದ್ದರಿಂದಲೇ ಮಳೆ ಹಿಂದೆ ಸರಿದು ಆಶ್ವಯುಜ ಕಾಲಿಡುತ್ತಲೂ ನಮಗೆಲ್ಲ ಮನೆಯನ್ನು ಒಮ್ಮೆ ಗಮಗಮಿಸುವಂತೆ ಮಾಡಬೇಕೆಂಬ ಆಸೆ ಹುಟ್ಟುತ್ತದೆ. ಕಪಾಟಿನ ಬಾಗಿಲುಗಳನ್ನು ತೆರೆದಿಟ್ಟು, ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಸಂಜೆ ದೀಪ ಹಚ್ಚಿದ ಮೇಲೆ ಊದುಬತ್ತಿಯನ್ನೂ ಸಾಂಬ್ರಾಣಿಯನ್ನೂ ಹಚ್ಚುತ್ತೇವೆ. ಇದು ನಮ್ಮ ಹಿರಿಯರು ಮಾಡಿಕೊಂಡು ಬಂದ ಪದ್ಧತಿ. ಅದರಲ್ಲಿ ಆಕ್ಷೇಪಣೆಗೆ ಕಾರಣವಿಲ್ಲ. ಆದರೆ ಹಂಚಿನ ಮನೆಗೂ ಕಾಂಕ್ರೀಟಿನ ಮನೆಗೂ ಒಂದು ವ್ಯತ್ಯಾಸವಿದೆ. ಹಂಚಿನ ಸಂದಿನಲ್ಲಿ ಹೊಗೆ ಹೊರಟುಹೋಗುತ್ತಿತ್ತು. ಇಲ್ಲಿ ಅದು ಪರದೆಗೂ ಗೋಡೆಗೂ ನಮ್ಮ ಶ್ವಾಸಕ್ಕೂ ಅಂಟಿಕೊಂಡು ನಿಲ್ಲುತ್ತದೆ. ಎಷ್ಟೇ ಪರಿಮಳವಿದ್ದರೂ ಹೊಗೆ ಹೊಗೆಯೇ. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಕಣಗಳಿರುತ್ತವೆ; ಉಬ್ಬಸ ಉಳ್ಳವರಿಗೆ ಅವು ಕೂಡಲೆ ತೊಂದರೆ ಕೊಡುತ್ತವೆ. ದಿಲ್ಲಿಯಲ್ಲಿರುವ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹೊರಗಿನ ಗಾಳಿಯೇ ಕೆಟ್ಟಿರುವಾಗ ಒಳಗೂ ಹೊಗೆ ಮಾಡಿದರೆ ಉಸಿರಿಗೆ ಎಡೆಯೆಲ್ಲಿ?

ನಮ್ಮ ಎಷ್ಟೋ ಮನೆಗಳಲ್ಲಿ ಹಬ್ಬದ ಸಂಜೆ ಸಾಂಬ್ರಾಣಿ ಹಾಕುತ್ತಲೂ ಅಜ್ಜಿ ಕೆಮ್ಮುತ್ತ ಎದ್ದು ಗ್ಯಾಲರಿಗೆ ಹೋಗಿ ಕೂರುತ್ತಾರೆ. ಹಬ್ಬ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಹೊರಗಾಗುವುದು ಸರಿಯಲ್ಲ. ದೇವರ ಮುಂದೆ ಒಂದು ಕಡ್ಡಿ ಊದುಬತ್ತಿ ಇರಲಿ. ಮನೆ ತುಂಬ ಬೇಕಾದ ಪರಿಮಳಕ್ಕೆ ಹೊಗೆಯಿಲ್ಲದ ಬೇರೆ ಉಪಾಯವಿದೆ. ಮೇಣದಲ್ಲಿ ಸುಗಂಧದ ಎಣ್ಣೆಯನ್ನು ಬೆರೆಸಿ ಮಾಡುವ ಬಿಲ್ಲೆಯೇ ಆ ಉಪಾಯ. ಅಂಗಡಿಯವರು ಇದಕ್ಕೆ ವ್ಯಾಕ್ಸ್ ಮೆಲ್ಟ್ ಎನ್ನುತ್ತಾರೆ. ನಾವು ಪರಿಮಳದ ಬಿಲ್ಲೆ ಎಂದು ಕರೆಯೋಣ.

ಇದು ಉರಿಯುವ ಮೇಣವಲ್ಲ

ಬಿಲ್ಲೆಗೂ ಮೇಣದ ಬತ್ತಿಗೂ ಇರುವ ಭೇದವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ೧೮೬೦ರ ಕ್ರಿಸ್ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ವಿಜ್ಞಾನಿ ಮೈಕೇಲ್ ಫ್ಯಾರಡೆಯವರು ಮಕ್ಕಳಿಗಾಗಿ ಬರಿಯ ಮೇಣದ ಬತ್ತಿಯನ್ನೇ ವಿಷಯವಾಗಿಟ್ಟುಕೊಂಡು ಆರು ಉಪನ್ಯಾಸಗಳನ್ನು ಕೊಟ್ಟರು. ಬತ್ತಿಯಲ್ಲಿ ನಿಜವಾಗಿ ಉರಿಯುವುದು ಗಟ್ಟಿ ಮೇಣವಲ್ಲ. ಮೇಣ ಕರಗಿ, ನೂಲನ್ನು ಏರಿ, ಆವಿಯಾಗಿ ಆಮೇಲೆ ಉರಿಯುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಈಗಷ್ಟೇ ಆರಿಸಿದ ಬತ್ತಿಯ ಬಿಳಿಯ ಹೊಗೆಯೆಳೆಗೆ ಕಡ್ಡಿಯ ಉರಿ ಮುಟ್ಟಿಸಿದರೆ ಬೆಂಕಿ ಆ ಎಳೆಯನ್ನೇ ಹಿಡಿದು ಬತ್ತಿಗೆ ಇಳಿಯುತ್ತದೆ. ದೊಡ್ಡವರು ಜೊತೆಗೆ ನಿಂತು ಮಕ್ಕಳಿಗೆ ಇದನ್ನು ಮಾಡಿ ತೋರಿಸಬಹುದು.

ಪರಿಮಳದ ಬಿಲ್ಲೆಯಲ್ಲಿ ನೂಲಿಲ್ಲ. ಮೇಲೆ ಪುಟ್ಟ ಬಟ್ಟಲು, ಕೆಳಗೆ ಸಣ್ಣ ದೀಪ ಅಥವಾ ವಿದ್ಯುತ್ತಿನ ಬಿಸಿ ತಟ್ಟೆ ಇರುವ ಪಿಂಗಾಣಿ ಸಾಧನದಲ್ಲಿ ಬಿಲ್ಲೆಯನ್ನಿಟ್ಟರೆ ಅದು ಮೆಲ್ಲನೆ ಕರಗುತ್ತದೆ, ಉರಿಯುವುದಿಲ್ಲ. ಮೇಣ ಇಲ್ಲಿ ಸೌದೆಯಲ್ಲ, ಪರಿಮಳವನ್ನು ಹಿಡಿದಿಡುವ ಪಾತ್ರೆ ಮಾತ್ರ. ಬಿಸಿ ತಾಗಿದಾಗ ಎಣ್ಣೆಯ ಪರಿಮಳ ಸ್ವಲ್ಪ ಸ್ವಲ್ಪವಾಗಿ ಗಾಳಿಗೆ ಹೊರಡುತ್ತದೆ. ಮೇಣ ಹಾಗೆಯೇ ಉಳಿಯುತ್ತದೆ. ವಾಸನೆಯೆಲ್ಲ ಹೋದ ಮೇಲೂ ಬಟ್ಟಲಿನಲ್ಲಿ ಅಷ್ಟೇ ಮೇಣ ಕಾಣುವುದು ಇದೇ ಕಾರಣದಿಂದ. ಅಂಗಡಿಯವನು ಮೋಸ ಮಾಡಿದನೆಂದು ಅವನ ಮೇಲೆ ಸಿಟ್ಟಾಗಬೇಕಾಗಿಲ್ಲ.

ಅವರ ಶರತ್ತು, ನಮ್ಮ ಶರತ್ತು

ಈ ಬಿಲ್ಲೆಗಳ ಬಳಕೆ ಹೆಚ್ಚಾಗಿರುವುದು ಅಮೆರಿಕ, ಇಂಗ್ಲೆಂಡುಗಳಲ್ಲಿ. ಅಲ್ಲಿ ಶರತ್ತೆಂದರೆ ಎಲೆ ಉದುರುವ ಕಾಲ, ಚಳಿಗೆ ಬಾಗಿಲು ಕಿಟಕಿಗಳನ್ನು ಮುಚ್ಚಿಕೊಳ್ಳುವ ಕಾಲ. ಆಗ ಅವರು ಸೇಬು, ದಾಲ್ಚಿನ್ನಿ, ಲವಂಗ, ಜಾಯಿಕಾಯಿಗಳ ಪರಿಮಳವನ್ನು ಬಯಸುತ್ತಾರೆ. ಕುಂಬಳಕಾಯಿಯ ಹೆಸರಿನ ಪರಿಮಳವೊಂದು ಅಲ್ಲಿ ಬಹಳ ಪ್ರಸಿದ್ಧ. ತಮಾಷೆಯೆಂದರೆ ಅದರಲ್ಲಿ ಮೂಗಿಗೆ ಬರುವುದು ಕುಂಬಳಕಾಯಿಯಲ್ಲ. ಆ ಕಾಯಿಯ ಸಿಹಿ ತಿಂಡಿಗೆ ಹಾಕುವ ದಾಲ್ಚಿನ್ನಿ, ಶುಂಠಿ, ಜಾಯಿಕಾಯಿ, ಲವಂಗ. ಎಲ್ಲವೂ ನಮ್ಮ ಪೂರ್ವದೇಶಗಳಿಂದ ಹಡಗು ಹತ್ತಿ ಹೋದ ಸಾಮಾನುಗಳೇ! ನಮ್ಮ ಸಾಂಬಾರದ ಡಬ್ಬಿಯ ವಾಸನೆಯನ್ನು ವಿದೇಶೀ ಹೆಸರಿನಲ್ಲಿ ದುಬಾರಿ ಬೆಲೆಗೆ ಕೊಂಡುಕೊಳ್ಳುವ ಅವಶ್ಯಕತೆ ನಮಗಿಲ್ಲ.

ನಮ್ಮ ಶರತ್ತು ಬೇರೆ. ಮಳೆ ತೊಳೆದ ಆಕಾಶ, ಬೆಳಗಿನ ಜಾವ ನೆಲದ ಮೇಲೆ ಉದುರಿದ ಪಾರಿಜಾತ, ನವರಾತ್ರಿಯಿಂದ ದೀಪಾವಳಿಯವರೆಗಿನ ಓಡಾಟ—ಇದೇ ನಮ್ಮ ಶರತ್ತು. ದಿಲ್ಲಿಯ ರಸ್ತೆಗಳಲ್ಲಿ ಅಕ್ಟೋಬರ್ ಹೊತ್ತಿಗೆ ಸಂಜೆಯಾಗುತ್ತಲೂ ಗಾಢವಾದ ಹೂವಿನ ವಾಸನೆ ಬರುವುದುಂಟು. ಅದು ಸಪ್ತಪರ್ಣಿ. ತುಳುನಾಡಿನವರು ಆಟಿ ಅಮಾವಾಸ್ಯೆಯ ಬೆಳಿಗ್ಗೆ ಯಾವ ಹಾಲೆ ಮರದ ತೊಗಟೆಯ ಕಷಾಯವನ್ನು ಮುಖ ಸಿಂಡರಿಸಿಕೊಂಡು ಕುಡಿಯುತ್ತಾರೋ ಅದೇ ಮರ! ಊರಿನಲ್ಲಿ ಕಹಿಯಾಗಿ ಪರಿಚಯವಾದದ್ದು ಪರಸ್ಥಳದಲ್ಲಿ ಪರಿಮಳವಾಗಿ ಎದುರಾಗುತ್ತದೆ.

ಚೆನ್ನೈಯ ಬಂಧುಗಳಿಗೆ ಇದೇ ಕಾಲದಲ್ಲಿ ಹಿಂಗಾರು ಮಳೆ ಸುರಿಯುತ್ತಿರುತ್ತದೆ. ಅವರಿಗೆ ಬೇಕಾದುದು ಮುಗ್ಗಲನ್ನು ಮರೆಸುವ ಪರಿಮಳ. ಮುಂಬಯಿಯವರಿಗೆ ಅಕ್ಟೋಬರಿನ ಸೆಕೆ. ಅವರ ಬಿಲ್ಲೆ ಡಬ್ಬಿಯಲ್ಲೇ ಮೆತ್ತಗಾಗದಷ್ಟು ಗಟ್ಟಿಯಾಗಿರಬೇಕು. ಎಲ್ಲರಿಗೂ ಹೊಂದುವ ಒಂದು ಪಾಕವನ್ನು ಈಗ ಹೇಳುತ್ತೇವೆ.

ಬೇಕಾಗುವ ಸಾಮಾನು

ಸೋಯಾ ಮೇಣ ೧೫೦ ಗ್ರಾಂ, ಜೇನುಮೇಣ ೫೦ ಗ್ರಾಂ, ಸುಗಂಧದ ಎಣ್ಣೆ ೧೨ ಗ್ರಾಂ. ಇಷ್ಟರಲ್ಲಿ ೨೦ ಗ್ರಾಂ ತೂಕದ ಸುಮಾರು ೧೦ ಬಿಲ್ಲೆಗಳಾಗುತ್ತವೆ. ಸೋಯಾ ಮೇಣ ಸುಮಾರು ೫೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲೇ ಕರಗುವ ಮೆದು ವಸ್ತು. ಜೇನುಮೇಣ ಕರಗುವುದು ೬೨ರಿಂದ ೬೪ ಡಿಗ್ರಿಯಲ್ಲಿ. ಎರಡನ್ನೂ ಸೇರಿಸಿದರೆ ಸೆಕೆಗೂ ಜಗ್ಗದ ಬಿಲ್ಲೆ ಸಿದ್ಧವಾಗುತ್ತದೆ. ಸೋಯಾ ಮೇಣ ಸಿಕ್ಕದಿದ್ದರೆ ಸಾಧಾರಣ ಪ್ಯಾರಾಫಿನ್ ಮೇಣವೂ ಆದೀತು. ಹಬ್ಬದಲ್ಲಿ ಉಳಿದ ಬಿಳಿಯ ಮೇಣದ ಬತ್ತಿಯ ತುಂಡುಗಳನ್ನು ನೂಲು ತೆಗೆದು ಬಳಸಿಕೊಳ್ಳಬಹುದು.

ಎಣ್ಣೆಯ ವಿಷಯದಲ್ಲಿ ಮಾತ್ರ ಕೈ ಬಿಗಿಯಿರಲಿ. ೧೦೦ ಗ್ರಾಂ ಮೇಣಕ್ಕೆ ೬ ಗ್ರಾಂ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಪರಿಮಳ ಬರುವುದೆಂಬುದು ತಪ್ಪು ತಿಳಿವಳಿಕೆ. ಮೇಣಕ್ಕೆ ಹಿಡಿಯಲಾರದ ಎಣ್ಣೆ ಬಿಲ್ಲೆಯ ಮೇಲೆ ಬೆವರಿನಂತೆ ನಿಲ್ಲುತ್ತದೆ. ಚಮಚೆಯ ಅಂದಾಜಿಗಿಂತ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗುವುದು ಲೇಸು. ಮುಂಬಯಿಯ ಮಹಮ್ಮದ್ ಅಲಿ ರಸ್ತೆ, ಹೈದರಾಬಾದಿನ ಚಾರ್ಮಿನಾರ್ ಪರಿಸರ, ದಿಲ್ಲಿಯ ಚಾಂದನಿ ಚೌಕಗಳಲ್ಲಿ ಅತ್ತರಿನ ಅಂಗಡಿಗಳಿವೆ. ಮದ್ಯಸಾರ ಬೆರೆಯದ, ಎಣ್ಣೆಯ ರೂಪದ ಪರಿಮಳವನ್ನೇ ಕೇಳಿ ತರಬೇಕು. ಮೈಗೆ ಸಿಂಪಡಿಸಿಕೊಳ್ಳುವ ಸೆಂಟು ಮೇಣದಲ್ಲಿ ಬೆರೆಯುವುದಿಲ್ಲ; ಮೇಲಾಗಿ ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಪನ್ನೀರು, ಹಸಿ ಹೂವಿನ ದಳ, ನೆನೆಸಿದ ಲಾವಂಚ ಇವುಗಳನ್ನೂ ಹಾಕಬಾರದು. ನೀರಿಗೂ ಮೇಣಕ್ಕೂ ಹೊಂದಿಕೆಯಿಲ್ಲ. ಒಳಗೆ ಸಿಕ್ಕಿಕೊಂಡ ತೇವ ಬೂಸ್ಟು ಹಿಡಿಯುತ್ತದೆ.

ಯಾವ ಪರಿಮಳ?

ಪರಿಮಳಗಳಲ್ಲಿ ಓಡುವವು, ನಡೆಯುವವು, ಕುಳಿತುಕೊಳ್ಳುವವು ಎಂದು ಮೂರು ಬಗೆ. ಕಿತ್ತಳೆ, ಮಜ್ಜಿಗೆಹುಲ್ಲುಗಳದು ಓಡುವ ಪರಿಮಳ: ಬಿಸಿ ತಾಗಿದ ಕೂಡಲೆ ಮೂಗಿಗೆ ಬಂದು ಬೇಗ ಮಾಯವಾಗುತ್ತದೆ. ಲವಂಗ, ಮಲ್ಲಿಗೆಗಳದು ನಡೆಯುವ ಪರಿಮಳ. ಶ್ರೀಗಂಧ, ಲಾವಂಚಗಳದು ಕುಳಿತುಕೊಳ್ಳುವ ಪರಿಮಳ: ನಿಧಾನವಾಗಿ ಬಂದು ಕೊನೆಯವರೆಗೂ ಇರುತ್ತದೆ, ಜೊತೆಗಾರರನ್ನೂ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಒಂದೇ ಎಣ್ಣೆಗಿಂತ ಬೇರೆ ಬೇರೆ ಬಗೆಯ ಎರಡು ಮೂರನ್ನು ಕೂಡಿಸುವುದು ಜಾಣತನ. ಮೇಲೆ ಹೇಳಿದ ೨೦೦ ಗ್ರಾಂ ಮೇಣಕ್ಕೆ ಹೊಂದುವ ನಾಲ್ಕು ಬಗೆಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಕೊಡಗಿನ ಬಗೆ: ಕಿತ್ತಳೆ ೮ ಗ್ರಾಂ, ಏಲಕ್ಕಿ ೨ ಗ್ರಾಂ, ಲಾವಂಚ ೨ ಗ್ರಾಂ.
ಮೈಸೂರಿನ ಬಗೆ: ಮಲ್ಲಿಗೆ ೯ ಗ್ರಾಂ, ಗಂಧ ೩ ಗ್ರಾಂ.
ಹಬ್ಬದ ಅಡುಗೆಮನೆಯ ಬಗೆ: ಕಿತ್ತಳೆ ೯ ಗ್ರಾಂ, ಲವಂಗ ೨ ಗ್ರಾಂ, ದಾಲ್ಚಿನ್ನಿ ೧ ಗ್ರಾಂ.
ಮುಗ್ಗಲು ಕಳೆಯುವ ಬಗೆ: ಮಜ್ಜಿಗೆಹುಲ್ಲು ೯ ಗ್ರಾಂ, ಲಾವಂಚ ೩ ಗ್ರಾಂ.

ಗಂಧದೆಣ್ಣೆಯ ಬಗ್ಗೆ ಒಂದು ಮಾತು. ಒಂದು ಕಾಲದಲ್ಲಿ ಮೈಸೂರಿನ ಶ್ರೀಗಂಧ ಮರದ ತುಂಡುಗಳಾಗಿಯೇ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ೧೯೧೪ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಆ ವ್ಯಾಪಾರಕ್ಕೆ ಪೆಟ್ಟು ಬಿದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ಕಾಲದಲ್ಲಿ, ೧೯೧೬ರಲ್ಲಿ, ಮೈಸೂರು ಸಂಸ್ಥಾನ ತಾನೇ ಎಣ್ಣೆ ಬಟ್ಟಿ ಇಳಿಸತೊಡಗಿತು. ಪರರ ಕೈಯಿಂದ ಕೊಳ್ಳುವುದಕ್ಕಿಂತ ನಮ್ಮ ಕೈಯಾರೆ ಮಾಡಿಕೊಳ್ಳುವುದು ಮೇಲೆಂಬ ಪಾಠ ನಮಗೆ ಹೊಸದಲ್ಲ. ಅಪ್ಪಟ ಶ್ರೀಗಂಧದೆಣ್ಣೆ ಬಲು ತುಟ್ಟಿ. ಅಗ್ಗಕ್ಕೆ ಸಿಗುವ ಗಂಧದೆಣ್ಣೆ ಸಾಮಾನ್ಯವಾಗಿ ಕೃತಕವಾಗಿರುತ್ತದೆ. ಬಿಲ್ಲೆಗೆ ಅದೂ ಸಾಕು. ಆದರೆ ಅಪ್ಪಟದ ಬೆಲೆ ತೆತ್ತು ಕೃತಕವನ್ನು ತರಬೇಡಿ.

ಮಾಡುವ ವಿಧಾನ

ದೊಡ್ಡ ಪಾತ್ರೆಯಲ್ಲಿ ಎರಡು ಅಂಗುಲ ನೀರು ಕಾಯಿಸಿ, ಅದರೊಳಗೆ ಸ್ಟೀಲಿನ ಸಣ್ಣ ಪಾತ್ರೆಯನ್ನಿಟ್ಟು ಅದರಲ್ಲಿ ಮೇಣದ ಚೂರುಗಳನ್ನು ಹಾಕಬೇಕು. ನೀರು ೧೦೦ ಡಿಗ್ರಿಯನ್ನು ಮೀರುವುದಿಲ್ಲವಾದ್ದರಿಂದ ಮೇಣವೂ ಅದನ್ನು ಮೀರಲಾರದು. ಒಲೆಯ ಮೇಲೆ ನೇರವಾಗಿ ಮೇಣವನ್ನು ಕಾಯಿಸಕೂಡದು. ಮರೆತರೆ ಅದು ಹೊಗೆಯಾಡಿ ಬೆಂಕಿ ಹಿಡಿಯುತ್ತದೆ. ಮೊದಲು ಜೇನುಮೇಣ, ಅದು ಕರಗಿದ ಮೇಲೆ ಸೋಯಾ ಮೇಣ. ಎರಡೂ ತಿಳಿಯಾಗಿ ೭೫ ಡಿಗ್ರಿಯ ಹೊತ್ತಿಗೆ ಬಂದಾಗ ಒಲೆ ಆರಿಸಿ, ಪಾತ್ರೆಯ ಹೊರಮೈಯ ನೀರನ್ನು ಒರೆಸಿ, ಒಲೆಯಿಂದ ದೂರದ ಮೇಜಿನ ಮೇಲೆ ಇಡಬೇಕು.

ಎಣ್ಣೆ ಬೆರೆಸುವುದು ಇಲ್ಲಿಯೇ, ಒಲೆಯ ಬಳಿ ಅಲ್ಲ. ಕಿತ್ತಳೆಯ ಎಣ್ಣೆಯ ಆವಿಗೆ ೫೦ ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿಯೇ ಬೆಂಕಿ ಹತ್ತಬಲ್ಲುದು. ಆದ್ದರಿಂದ ಹತ್ತಿರದಲ್ಲಿ ದೀಪವೂ ಇರಬಾರದು. ಮೇಣ ೭೦ ಡಿಗ್ರಿಗೆ ಇಳಿದ ಮೇಲೆ ಎಣ್ಣೆ ಹಾಕಿ ಎರಡು ನಿಮಿಷ ಮೆಲ್ಲನೆ ತಿರುವಿ, ಅಚ್ಚಿಗೆ ಹೊಯ್ಯಿರಿ. ಲವಂಗ, ದಾಲ್ಚಿನ್ನಿಯ ಎಣ್ಣೆಗಳು ಚರ್ಮವನ್ನು ಸುಡುವಂತಹವು, ಕೈಗವಸು ಇರಲಿ. ಅಚ್ಚಿಗೆ ಬಗ್ಗುವ ಸಿಲಿಕೋನಿನ ಐಸ್ ತಟ್ಟೆ ಎಲ್ಲಕ್ಕಿಂತ ಅನುಕೂಲ. ಇಡ್ಲಿ ತಟ್ಟೆಯನ್ನಾಗಲಿ, ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಹಲಗೆಗಳನ್ನಾಗಲಿ ಇದಕ್ಕೆ ತೆಗೆಯಬೇಡಿ. ಒಮ್ಮೆ ಸುಗಂಧದ ಎಣ್ಣೆ ಹೊಕ್ಕ ಪಾತ್ರೆ ಪದಾರ್ಥ ಮತ್ತೆ ಅಡುಗೆಗೆ ಸಲ್ಲದು. ಮೇಣದ ಪಾತ್ರೆ, ಚಮಚೆಗಳಿಗೆ ಗುರುತು ಹಾಕಿ ಬೇರೆಯೇ ಇಡುವುದು ಕ್ಷೇಮ.

ಅಚ್ಚನ್ನು ಮನೆಯ ಗಾಳಿಯಲ್ಲಿಯೇ ಆರಲು ಬಿಡಬೇಕು. ಫ್ರಿಜ್ಜಿನಲ್ಲಿಟ್ಟರೆ ಬಿಲ್ಲೆ ಬಿರುಕು ಬಿಡುತ್ತದೆ. ಪಾತ್ರೆ ಬಿಸಿಯಿರುವಾಗಲೇ ಹಳೆಯ ಪತ್ರಿಕೆಯ ಹಾಳೆಯಿಂದ ಒರೆಸಿ. ಮೇಣದ ನೀರನ್ನು ಮೋರಿಗೆ ಸುರಿದರೆ ಅದು ಕೊಳವೆಯಲ್ಲಿ ಗಟ್ಟಿಯಾಗಿ, ಕೆಳಗಿನ ಮಹಡಿಯವರೊಡನೆ ಮನಸ್ತಾಪಕ್ಕೆ ಕಾರಣವಾದೀತು. ಆರಿದ ಬಿಲ್ಲೆಗಳನ್ನು ಮುಚ್ಚಳವುಳ್ಳ ಡಬ್ಬಿಯಲ್ಲಿ ಹಾಕಿ ಒಂದೆರಡು ವಾರ ಮುಟ್ಟದೆ ಇಡಿ. ಉಪ್ಪಿನಕಾಯಿಯಂತೆ ಸೋಯಾ ಮೇಣದ ಬಿಲ್ಲೆಗೂ ಪಕ್ವವಾಗಲು ಕಾಲ ಬೇಕು. ವಿಜಯದಶಮಿಯಿಂದ ನರಕ ಚತುರ್ದಶಿಗೆ ಹತ್ತೊಂಬತ್ತು ಇಪ್ಪತ್ತು ದಿನಗಳಿರುತ್ತವೆ. ದಸರೆಯ ರಜೆಯಲ್ಲಿ ಹೊಯ್ದ ಬಿಲ್ಲೆ ದೀಪಾವಳಿಗೆ ಸರಿಯಾಗಿ ಹದಕ್ಕೆ ಬರುತ್ತದೆ.

ಎಚ್ಚರಿಕೆಯ ಮಾತುಗಳು

ಬಿಲ್ಲೆ ನೋಡಲು ಬರ್ಫಿಯಂತೆಯೇ ಇರುತ್ತದೆ, ವಾಸನೆಯೂ ಬಾಯಲ್ಲಿ ನೀರು ತರಿಸುವಂತಹುದು. ಆದ್ದರಿಂದ ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಡಬ್ಬಿಯನ್ನು ಎತ್ತರದ ಕಪಾಟಿನಲ್ಲಿಡಬೇಕು; ತಿಂಡಿಯ ಡಬ್ಬಿಗಳ ಸಾಲಿನಲ್ಲಿ ಎಂದಿಗೂ ಇಡಕೂಡದು. ಕರ್ಪೂರವನ್ನು ಮೇಣಕ್ಕೆ ಬೆರೆಸಬೇಡಿ. ಅದು ಥಟ್ಟನೆ ಹತ್ತಿಕೊಳ್ಳುವ ವಸ್ತು. ಮಗು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರುವಷ್ಟು ಅಪಾಯಕಾರಿ. ನುಸಿಗುಳಿಗೆಯ ಹೆಸರನ್ನೇ ಎತ್ತಬಾರದು.

ಮೇಣಕ್ಕೆ ಬೆಂಕಿ ಹಿಡಿದರೆ ನೀರು ಎರಚಬಾರದು. ನೀರು ಕೂಡಲೆ ಆವಿಯಾಗಿ ಉರಿಯುವ ಮೇಣವನ್ನು ಸುತ್ತಲೂ ಚಿಮ್ಮಿಸುತ್ತದೆ. ಒಲೆ ಆರಿಸಿ, ಪಾತ್ರೆಗೆ ಮುಚ್ಚಳ ಮುಚ್ಚಿ. ಇದಕ್ಕಾಗಿ ಸರಿಹೊಂದುವ ಮುಚ್ಚಳವೊಂದು ಮೊದಲಿನಿಂದಲೂ ಕೈಗೆಟಕುವಂತಿರಬೇಕು.

ಹೊಗೆಯಿಲ್ಲವೆಂದ ಮಾತ್ರಕ್ಕೆ ಇದು ಗಾಳಿಯನ್ನು ಶುದ್ಧಿಮಾಡುವ ಔಷಧಿಯೆಂದು ತಿಳಿಯಬಾರದು. ಸುಗಂಧವೂ ಗಾಳಿಗೆ ಬೆರೆಯುವ ಒಂದು ದ್ರವ್ಯವೇ. ಕೆಲವರಿಗೆ ಅದರಿಂದಲೂ ತಲೆನೋವು ಬರುವುದುಂಟು; ಉಬ್ಬಸದವರಲ್ಲಿಯೂ ಕೆಲವರಿಗೆ ಆಗಿಬರುವುದಿಲ್ಲ. ಅರ್ಧ ಬಿಲ್ಲೆಯಿಂದ ಆರಂಭಿಸಿ, ಒಂದು ಕಿಟಕಿಯನ್ನು ಸ್ವಲ್ಪ ತೆರೆದಿಟ್ಟು, ಮನೆಯ ಹಿರಿಯರನ್ನು ಕೇಳಿ ಆಮೇಲೆ ಹೆಚ್ಚಿಸಬಹುದು. ಹಸುಗೂಸು ಮಲಗಿದ ಕೋಣೆಯಲ್ಲಿ ಬೇಡ. ಬೆಕ್ಕು, ಹಕ್ಕಿಗಳನ್ನು ಸಾಕಿದವರೂ ಇದನ್ನು ದೂರವಿಡುವುದು ಒಳ್ಳೆಯದು. ಹಲವು ಸುಗಂಧ ತೈಲಗಳು ಅವಕ್ಕೆ ವಿಷಪ್ರಾಯ. ಕೆಳಗೆ ದೀಪವಿರುವ ಸಾಧನವಾದರೆ ಪರದೆಯಿಂದ ದೂರದಲ್ಲಿಟ್ಟು, ಮಲಗುವ ಮುನ್ನ ಆರಿಸಲೇಬೇಕು. ಮನೆಯಲ್ಲಿ ಮಕ್ಕಳೂ ಮುದುಕರೂ ಇದ್ದರೆ ವಿದ್ಯುತ್ತಿನ ಸಾಧನವೇ ಮೇಲು.

೨೦ ಗ್ರಾಮಿನ ಬಿಲ್ಲೆ ಮೂರು ನಾಲ್ಕು ಸಂಜೆಗಳಿಗೆ ಬರುತ್ತದೆ. ವಾಸನೆ ಕಳೆದುಕೊಂಡ ಮೇಣವನ್ನು ಎಸೆಯಬೇಕಾಗಿಲ್ಲ. ಮಳೆಗಾಲದಲ್ಲಿ ಬಿಗಿದುಕೊಂಡ ಮೇಜಿನ ಖಾನೆಯ ಅಂಚಿಗೆ ಉಜ್ಜಿದರೆ ಅದು ಸರಾಗವಾಗಿ ಸರಿಯುತ್ತದೆ. ಗುಂಡಿ ಹೊಲಿಯುವ ದಾರಕ್ಕೆ ಸವರಿದರೆ ದಾರ ಸಿಕ್ಕುಗೊಳ್ಳುವುದಿಲ್ಲ.

ಮನೆಯ ಗುರುತು

ಇದೆಲ್ಲ ಇಷ್ಟು ಪ್ರಯಾಸಕ್ಕೆ ಯೋಗ್ಯವೇ ಎಂದು ಕೆಲವರು ಕೇಳಬಹುದು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದಲ್ಲ? ಸಿಗುತ್ತದೆ, ನಿಜ. ಆದರೆ ಅಂಗಡಿಯ ಬಿಲ್ಲೆ ಸಾವಿರ ಮನೆಗಳಿಗೆ ಒಂದೇ ವಾಸನೆಯನ್ನು ಕೊಡುತ್ತದೆ. ನಮ್ಮ ಮಕ್ಕಳು ಹುಟ್ಟಿ ಬೆಳೆಯುತ್ತಿರುವುದು ಪರಸ್ಥಳದಲ್ಲಿ. ಭಾಷೆಯನ್ನು ಅವರಿಗೆ ಉಳಿಸಿಕೊಡಲು ಕಲಿಸಬೇಕು, ಹಬ್ಬವನ್ನು ಉಳಿಸಿಕೊಡಲು ಆಚರಿಸಬೇಕು. ವಾಸನೆಗೆ ಪಾಠ ಬೇಕಾಗಿಲ್ಲ. ಅದು ಹೇಳದೆಯೇ ಮನಸ್ಸಿನಲ್ಲಿ ಬೇರೂರುತ್ತದೆ. ನಮಗೆ ಬಚ್ಚಲೊಲೆಯ ಸೌದೆಯೂ ತೇಯ್ದ ಗಂಧವೂ ಹೇಗೋ, ನಾಳೆ ಅವರಿಗೆ ಏಲಕ್ಕಿ, ಕಿತ್ತಳೆ, ಲಾವಂಚಗಳು ಕೂಡಿದ ವಾಸನೆ ಎಲ್ಲಿಯೋ ಮೂಗಿಗೆ ಬಿದ್ದರೆ ‘ದೀಪಾವಳಿಗೆ ನಮ್ಮ ಮನೆ ಹೀಗಿರುತ್ತಿತ್ತು’ ಎನ್ನಿಸಬೇಕು.

ಆದಕಾರಣ ಪ್ರತಿ ಮನೆಯವರೂ ಒಂದು ಬಗೆಯನ್ನು ತಮ್ಮದೆಂದು ಆರಿಸಿಕೊಂಡು, ಅಳತೆಯನ್ನು ಅಡುಗೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಲಿ. ಎಣ್ಣೆ ಯಾವುದಿರಬೇಕೆಂಬ ತೀರ್ಮಾನವನ್ನು ಅಜ್ಜಿಯೂ ಮೊಮ್ಮಕ್ಕಳೂ ಕೂಡಿ ಮಾಡಲಿ. ಒಲೆಯ ಕೆಲಸ ದೊಡ್ಡವರದು, ಅಚ್ಚಿನಿಂದ ಬಿಲ್ಲೆ ಬಿಡಿಸುವ ಸಂತೋಷ ಚಿಕ್ಕವರದು. ಹತ್ತು ಬಿಲ್ಲೆಗಳಲ್ಲಿ ನಾಲ್ಕನ್ನು ಮನೆಗೆ ಇಟ್ಟುಕೊಂಡು ಆರನ್ನು ನೆರೆಹೊರೆಯವರಿಗೆ ಹಬ್ಬದ ತಿಂಡಿಯ ತಟ್ಟೆಯೊಡನೆ ಕಳುಹಿಸಬಹುದು. ಬೇರೆ ಕಾಗದದಲ್ಲಿ ಸುತ್ತಿ, ಮೇಲೆ ‘ಇದು ತಿನ್ನುವುದಲ್ಲ’ ಎಂದು ಅವರ ಭಾಷೆಯಲ್ಲಿಯೂ ನಮ್ಮ ಭಾಷೆಯಲ್ಲಿಯೂ ಬರೆಯುವುದನ್ನು ಮಾತ್ರ ಮರೆಯಬಾರದು.